ಬೀದಿ ಕಡೆಯ ಅಡುಗೆಮನೆ

ಆಡಿ 1, ಬುಧವಾರ

ಆಡಿ ಹುಟ್ಟಿತು, ಅಂದರೆ ಆಷಾಢ. ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ. ಹೆಂಡತಿ ಕುಂಭಕೋಣದಲ್ಲಿ ಅಕ್ಕನ ಮನೆಯಲ್ಲಿ, ನಾನು ಮದ್ರಾಸಿನಲ್ಲಿ, ಟ್ರಿಪ್ಲಿಕೇನ್ ಮ್ಯಾನ್ಷನ್ನಿನ ಅದೇ ಹಳೆಯ ಕೋಣೆಯಲ್ಲಿ. ಹೊಸ ದಂಪತಿ ಆಡಿಯಲ್ಲಿ ಒಟ್ಟಿಗಿರಬಾರದು, ಸರಿ. ಆದರೆ ಐವತ್ತೊಂದರ ಗಂಡಿಗೂ ನಲವತ್ತನಾಲ್ಕರ ಹೆಣ್ಣಿಗೂ ಈ ಕಟ್ಟಳೆ ಯಾಕೆ ಎಂದು ಹೆಂಡತಿಯ ಅಕ್ಕ ಮರಗತಂ ಅವರನ್ನು ಮರ್ಯಾದೆಯಿಂದಲೇ ಕೇಳಿದೆ.

"ಇಷ್ಟು ವರ್ಷ ಕಾದೋರಿಗೆ ಒಂದು ತಿಂಗಳು ಭಾರ ಆಗೋಯ್ತಾ, ಅಳಿಯಂದ್ರೇ?" ಅಂದರು. ಹಜಾರದಲ್ಲಿದ್ದವರೆಲ್ಲ ನಕ್ಕರು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೊರಟೆ.

ಈ ತಿಂಗಳು ನನಗಿರುವ ಕೆಲಸ ಮನೆ ಹುಡುಕುವುದು. ಒಂಟಿ ಗಂಡಸರ ವಸತಿಯಾದ ಮ್ಯಾನ್ಷನ್ನಿನಲ್ಲಿ ಹೆಂಗಸರು ಮೆಟ್ಟಿಲು ಹತ್ತುವಂತಿಲ್ಲ. ಆಡಿಯಲ್ಲಿ ಮನೆಗೆ ಮುಂಗಡ ಕೊಡುವಂತಿಲ್ಲ, ಆದರೆ ನೋಡುವುದಕ್ಕೆ ಅಡ್ಡಿಯಿಲ್ಲ. ಹೊರಡುವ ಮುಂಚೆ ಶ್ರೀಮತಿ ತಿಲಕವತಿಯವರನ್ನು, ನಿಮಗೆ ಎಂಥ ಮನೆ ಬೇಕು ಎಂದು ಕೇಳಿದ್ದೆ. "ಎಂಥದಾದ್ರೂ ಸರಿ" ಎಂದರು. ಒಳ್ಳೆಯದಾಯಿತು, ಕೆಲಸ ಅರ್ಧಕ್ಕರ್ಧ ಕಡಿಮೆ.

ಆಡಿ 5, ಭಾನುವಾರ

ಕೊರಟ್ಟೂರಿನಲ್ಲಿ ಒಂದು ಮನೆ ನೋಡಿದೆ. ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ. ಅಂಬತ್ತೂರಿನ ನಮ್ಮ ಪಂಪು ಕಾರ್ಖಾನೆಗೂ ಹತ್ತಿರ. ಪಂಪುಗಳನ್ನು ಪರೀಕ್ಷಿಸಿ, ಸರಿಯಿಲ್ಲದ್ದರ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆಯುವುದು ಅಲ್ಲಿ ನನ್ನ ಕೆಲಸ. ಪಂಪಾದರೇನು ಮನೆಯಾದರೇನು, ನೋಡುವ ಕಣ್ಣು ಒಂದೇ.

ಮನೆಯೊಡತಿ ರೋಸಲಿನ್ ಟೀಚರ್. ಶಾಲೆಯಿಂದ ನಿವೃತ್ತರಾಗಿದ್ದಾರೆ, ಕೈಯಿಂದ ಬೆತ್ತ ಮಾತ್ರ ಬಿಟ್ಟಿದ್ದಾರೆ. ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡು ಬಹಳ ವರ್ಷವಾಯಿತಂತೆ. ಈಗ ಪಾಳಯಂಕೋಟೆಯಲ್ಲಿ ತಂಗಿಯ ಪಕ್ಕದ ಮನೆಯೇ ಸಿಕ್ಕಿರುವುದರಿಂದ ಇದನ್ನು ಮಾರಿ ಅಲ್ಲಿಗೆ ಹೋಗುವ ಉತ್ಸಾಹದಲ್ಲಿದ್ದಾರೆ.

ಗೋಡೆಗಳನ್ನು ಎಂಟಾಣೆ ನಾಣ್ಯದಿಂದ ಬಡಿದು ನೋಡಿದೆ. ಮಲಗುವ ಕೋಣೆಯ ಒಂದು ಮೂಲೆ ಟೊಳ್ಳು ಸದ್ದು ಕೊಟ್ಟಿತು, ಉಳಿದದ್ದು ಗಟ್ಟಿ. ಮದ್ರಾಸ್ ತಾರಸಿ, ತೇಗದ ತೊಲೆ, ಗೆದ್ದಲಿಲ್ಲ. ಮುಂಬಾಗಿಲು ನೆಲಕ್ಕೆ ತಗಲುತ್ತದೆ. ಕಾರ್ಖಾನೆಯಿಂದ ಜೇಬಿನಲ್ಲಿ ತಂದಿದ್ದ ಉಕ್ಕಿನ ಗೋಲಿಯನ್ನು ಹಜಾರದ ರೆಡ್ ಆಕ್ಸೈಡ್ ನೆಲದ ಮೇಲೆ ಇಟ್ಟೆ. ಅದು ನಿಧಾನಕ್ಕೆ ಉರುಳಿ, ತಿರುವು ತಗೊಂಡು, ಬಚ್ಚಲಿನ ಬಾಗಿಲಿಗೆ ಹೋಗಿ ನಿಂತಿತು.

"ನೆಲ ವಾಲಿದೆ," ಅಂದೆ.

"ಬೆಳಗ್ಗೆ ಎದ್ದು ಎಲ್ರೂ ಅಲ್ಲಿಗೇ ತಾನೇ ಹೋಗ್ಬೇಕು?" ಅಂದರು ಟೀಚರ್.

ಇವೆಲ್ಲ ಸಣ್ಣ ದೋಷಗಳು. ದೊಡ್ಡ ದೋಷ ಅಡುಗೆಮನೆ. ಅದು ಬೀದಿ ಕಡೆ ಇದೆ! ಗೇಟಿಗೆ ಎದುರಾಗಿ, ಎರಡು ರೆಕ್ಕೆಯ ದೊಡ್ಡ ಕಿಟಕಿ ಇಟ್ಟುಕೊಂಡು. ಹಜಾರ ಹಿಂದೆ, ಮಲಗುವ ಕೋಣೆ ಅದಕ್ಕೂ ಹಿಂದೆ. ಒಗ್ಗರಣೆ ಹಾಕಿದರೆ ಬೀದಿಗೆಲ್ಲ ಸೀನು. ಮನೆಯಲ್ಲಿ ಏನು ನಡೆಯುತ್ತದೆ ಎಂದು ಊರಿಗೆಲ್ಲ ಸಾರುವ ಮನೆ. ಯಾರು ಹೀಗೆ ಕಟ್ಟಿದ್ದು ಎಂದು ಕೇಳಿದೆ.

"ನಮ್ಮೋರು. ನಕ್ಷೇನೂ ಅವರದ್ದೇ."

"ಅಡುಗೆಮನೆ ಯಾಕೆ ಮುಂದೆ?"

"ನಿಮ್ಮ ಹೆಂಡ್ತಿ ಬಂದ್ರೆ ಈ ಪ್ರಶ್ನೆ ಕೇಳಲ್ಲ."

ಅವರಿಗೆ ಈಗಲೇ ಮುಂಗಡ ಕೊಟ್ಟರೂ ಆದೀತು. ಆಡಿಯಲ್ಲಿ ಕೊಡಲಾರೆ, ಮುಂದಿನ ತಿಂಗಳು ಆವಣಿಯಲ್ಲಿ ಕೊಡುತ್ತೇನೆ ಅಂದೆ. "ನಮಗೆ ಆಡಿನೂ ಒಂದೇ, ಆವಣಿನೂ ಒಂದೇ. ಹೋಗ್ಲಿ, ಆವಣಿ ಎರಡು ಭಾನುವಾರ ಬೀಳುತ್ತೆ, ಅಲ್ಲೀವರ್ಗೂ ಕಾಯ್ತೀನಿ. ಆಮೇಲೆ ಮನೆ ಕೇಳ್ತಿರೋ ವಿಲ್ಲಿವಾಕ್ಕಂನವರಿಗೆ ಕೊಟ್ಬಿಡ್ತೀನಿ. ಆದ್ರೆ ಒಂದು ಮಾತು. ನಿಮ್ಮ ಹೆಂಡ್ತಿ ಬಂದು ನೋಡಿ, ಬಾಯ್ಬಿಟ್ಟು ಹೇಳ್ಬೇಕು. ಈ ಮನೇಲಿ ಬಾಳೋರು ನೋಡ್ದೆ ನಾನು ಕೊಡಲ್ಲ."

"ಅವರಿಗೆ ಎಂಥದಾದ್ರೂ ಸರಿಯಂತೆ."

ಟೀಚರ್ ಕನ್ನಡಕದ ಮೇಲಿಂದ ನೋಡಿದರು. ಮನೆಪಾಠ ಬರೆಯದೆ ಬಂದ ಹುಡುಗನನ್ನು ನೋಡುವ ನೋಟ ಅದು. "ಎಷ್ಟೆತ್ತರ ಇದ್ದಾರೆ?"

ಗೊತ್ತಿರಲಿಲ್ಲ.

"ಎಡಗೈಯೋ, ಬಲಗೈಯೋ?"

ಅದೂ ಗೊತ್ತಿರಲಿಲ್ಲ.

"ಪಂಪಿನ ಎತ್ತರ ಗೊತ್ತಿರತ್ತೆ ಅಲ್ವಾ? ಮುಂದಿನ ವಾರ ಕೇಳ್ಕೊಂಡು ಬನ್ನಿ."

ಸಂಜೆ ಮ್ಯಾನ್ಷನ್ ಕೆಳಗಿನ ಕಾದರ್ ಭಾಯ್ ಅವರ ಟೆಲಿಫೋನ್ ಬೂತಿಗೆ ಹೋದೆ. ಭಾನುವಾರ ಅರ್ಧ ದರವಾದ್ದರಿಂದ ಮ್ಯಾನ್ಷನ್ನೇ ಸಾಲುಗಟ್ಟಿತ್ತು. ಬೂತಿನ ಗಾಜಿನ ಬಾಗಿಲು ಮುಚ್ಚುವುದಿಲ್ಲ. ಕೀಲು ಸಡಿಲ ಎಂದು ಎಷ್ಟೋ ಸಲ ಹೇಳಿದ್ದೇನೆ. ಶ್ರೀಮತಿಯವರು ಫೋನಿಗೆ ಬಂದ ಕೂಡಲೇ, ಸಮಯ ಹಾಳು ಮಾಡದೆ, "ನಿಮ್ಮ ಎತ್ತರ ಎಷ್ಟು?" ಎಂದು ಕೇಳಿದೆ.

ಆ ಕಡೆ ಹಿಂದಿನಿಂದ ಮರಗತಂ ಅಕ್ಕನ ದನಿ: "ಏನಂತೆ?"

"ನನ್ನ ಎತ್ತರ ಕೇಳ್ತಿದ್ದಾರೆ."

"ಮದುವೆ ಆದ್ಮೇಲಾ?"

ನನ್ನ ಹಿಂದೆ ಸಾಲಿನಲ್ಲಿದ್ದವರೂ ಇದನ್ನೇ ಅಂದರು. ಕೊನೆಗೆ ಸಿಕ್ಕ ಉತ್ತರ: ಅಕ್ಕನ ಕಿವಿಯವರೆಗೆ ಬರುತ್ತಾರೆ, ಬಲಗೈ. ಮರಗತಂ ಅಕ್ಕನ ಎತ್ತರವೂ ನನಗೆ ಗೊತ್ತಿಲ್ಲ.

ಆಡಿ 10, ಶುಕ್ರವಾರ

ಶಬ್ದದ ಪರೀಕ್ಷೆಗೆಂದು ಕೆಲಸ ಮುಗಿಸಿ ಕೊರಟ್ಟೂರಿಗೆ ಹೋಗಿದ್ದೆ. ಬೀದಿಯ ತುದಿಯಲ್ಲಿ ಅಮ್ಮನ ಗುಡಿ. ಆಡಿ ಶುಕ್ರವಾರವಾದ್ದರಿಂದ ಪ್ರತಿ ಕಂಬಕ್ಕೂ ಒಂದು ಧ್ವನಿವರ್ಧಕ. ಟೀಚರ್ ಮನೆಯ ಎದುರಿನ ಕಂಬಕ್ಕೆ ಎರಡು.

ಶಬ್ದ: ತಡೆಯಲಾಗದು. ಗುಡಿಯಲ್ಲಿ ಹಂಚಿದ ಅಂಬಲಿ: ಬಹಳ ಚೆನ್ನಾಗಿತ್ತು, ನಂಜಿಕೊಳ್ಳಲು ಈರುಳ್ಳಿಯೂ ಇತ್ತು. ಎರಡು ಲೋಟ ಕುಡಿದೆ. ಒಟ್ಟಾರೆ ತೀರ್ಮಾನ ಮುಂದೂಡಲಾಗಿದೆ.

ಆಡಿ 12, ಭಾನುವಾರ

ತಾರಸಿಯ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದು, ಕೆಳಗೆ ಬಂದು ಸೂರು ನೋಡುತ್ತ ಮಲಗಿದೆ. ಸೋರಲಿಲ್ಲ. ಟೀಚರ್ ಒಂದು ದಿಂಬು ತಂದು ಕೊಟ್ಟರು. ಬಾವಿ ನೀರಿನಲ್ಲಿ ತೊಗರಿಬೇಳೆ ಬೇಯುತ್ತದೋ ಇಲ್ಲವೋ ಎಂದು ಅನುಮಾನಪಟ್ಟೆ. ಅದನ್ನೂ ಬೇಯಿಸಿ, ಸಾರು ಮಾಡಿ, ಅನ್ನದ ಜೊತೆ ಬಡಿಸಿದರು. ಇಷ್ಟು ಪೂರ್ತಿ ಪರೀಕ್ಷೆ ನಾನು ಯಾವ ಪಂಪಿಗೂ ಮಾಡಿಲ್ಲ.

ಊಟ ಮಾಡುತ್ತಿರುವಾಗ ಈ ವಾರದ ಪ್ರಶ್ನೆಗಳು ಬಂದವು. ಅವರು ಬೇಗ ಏಳುತ್ತಾರಾ? ಹಾಡಿಕೊಳ್ಳುತ್ತ ಅಡುಗೆ ಮಾಡುತ್ತಾರಾ? ಹೂವಿನ ಗಿಡ ಇಷ್ಟವಾ? ನಾನು ಎಲ್ಲವನ್ನೂ ಬಸ್ ಟಿಕೆಟ್ಟಿನ ಹಿಂಭಾಗದಲ್ಲಿ ಗುರುತು ಮಾಡಿಕೊಂಡೆ.

ಸಂಜೆ ಫೋನು. ಕಾದರ್ ಭಾಯ್ ಈಗ ನನಗೆ ಸ್ಟೂಲು ಹಾಕಿಕೊಡುತ್ತಾರೆ. ಪ್ರಶ್ನೆ ಕೇಳಿ ಮುಗಿಸಿ, ಮನೆಯ ಬಗ್ಗೆ ಪೂರ್ತಿ ವರದಿ ಒಪ್ಪಿಸಿದೆ. ವಾಲಿದ ನೆಲ ಅಂದೆ, "ಸರಿ" ಅಂದಳು. ತಗಲುವ ಬಾಗಿಲು, "ಸರಿ". ಧ್ವನಿವರ್ಧಕ, "ಸರಿ". ಆಮೇಲೆ ಮದುವೆಯಾದಾಗಿನಿಂದ ಮೊದಲ ಸಲ ತಿಲಕವತಿಯೇ ಒಂದು ಪ್ರಶ್ನೆ ಕೇಳಿದಳು.

"ಅಡುಗೆಮನೆ ಕಿಟಕಿ ಯಾವ ಕಡೆಗಿದೆ?"

"ಅದೇ ನೋಡು ದೊಡ್ಡ ತೊಂದರೆ. ಬೀದಿ ಕಡೆಗೆ. ನೀನೇನೂ ಯೋಚನೆ ಮಾಡ್ಬೇಡ, ನಾನು ಅದನ್ನ ಹಿಂದಕ್ಕೆ ಹಾಕಿಸ್ತೀನಿ."

ಬಹಳ ಹೊತ್ತಿನ ಮೇಲೆ "ಸರಿ" ಅಂದಳು. ಲೈನು ಚೆನ್ನಾಗಿರಲಿಲ್ಲ ಅಂತ ಕಾಣುತ್ತದೆ. ಭಾಯ್‌ಗೆ ಹೇಳಬೇಕು.

ಆಡಿ 14, ಮಂಗಳವಾರ

ಊಟ ಸೇರಲಿಲ್ಲ. ಮೆಸ್ಸಿನಲ್ಲಿ ಎಲೆ ಮಡಚಿ ಎದ್ದು ಬಂದೆ.

ಇವತ್ತು ಕಾರ್ಖಾನೆಯಲ್ಲಿ ಒಂದು ಅನುಮಾನ ಹುಟ್ಟಿತು. ಹೊಸ ಹುಡುಗರು ಜೋಡಿಸಿದ ಪಂಪುಗಳೆಲ್ಲ ಸರಿಯಾಗಿದ್ದವು. ಎಲ್ಲವೂ ಸರಿ ಇದ್ದರೆ ನನಗೆ ನಂಬಿಕೆ ಬರುವುದಿಲ್ಲ. ಅಳತೆಯ ಮುಳ್ಳೇ ಕೆಟ್ಟಿದೆಯೇನೋ ಎಂದು ಅದನ್ನು ಬಿಚ್ಚಿ ನೋಡುತ್ತೇನೆ. ಹಾಗೆ ಬಿಚ್ಚುತ್ತ ಕೂತಾಗ ತಿಲಕವತಿ ನೆನಪಾದಳು.

ಎಲ್ಲದಕ್ಕೂ ಸರಿ ಅನ್ನುತ್ತಾಳೆ. ಅಪ್ಪ ಅಮ್ಮ ಹೋದ ಮೇಲೆ ಅಕ್ಕನ ಮನೆಯಲ್ಲೇ ಬೆಳೆದವಳು, ಅಕ್ಕನ ಮಕ್ಕಳನ್ನು ಎತ್ತಿ ಆಡಿಸಿದವಳು, ಅಲ್ಲಿಯ ಅಡುಗೆ ಪೂರ್ತಿ ಅವಳದ್ದೇ. ಹೆಣ್ಣು ನೋಡಲು ಹೋದ ದಿನ, ನನಗೆ ಹಾಕಿದ್ದ ಕುರ್ಚಿ ಅಲ್ಲಾಡುತ್ತಿತ್ತು. ಬಸ್ ಟಿಕೆಟ್ ಮಡಚಿ ಅದರ ಕಾಲಿಗೆ ಕೊಟ್ಟು ಕೂತೆ. ಅದಕ್ಕೆ ಮರಗತಂ ಅಕ್ಕ ಈಗಲೂ ನಗುತ್ತಾರೆ. ಆಮೇಲೆ ನಾನು ಒಪ್ಪಿಗೆಯೇ ಎಂದು ಕೇಳಿದೆ. ಅವಳು ತಲೆಯೆತ್ತಿ ನೋಡಿ "ಸರಿ" ಅಂದಳು. ಎಷ್ಟೋ ಸಂಬಂಧಗಳಿಗೆ ಅಡ್ಡಗೆರೆ ಎಳೆದು ಐವತ್ತು ದಾಟಿದವನು ನಾನು. ಆ ಒಂದು ಸರಿಯಲ್ಲಿ ಮಾತ್ರ ನನಗೆ ಕುಂದು ಕಂಡಿರಲಿಲ್ಲ.

ವಾಲಿದ ನೆಲಕ್ಕೆ ಹೇಳಿದ್ದೂ ಅದೇ ಸರಿ. ನನಗೆ ಹೇಳಿದ್ದೂ ಅದೇ ಏನು? ಅಕ್ಕನ ಮನೆಯಲ್ಲಿ ಇದ್ದ ಹಾಗೆಯೇ ನನ್ನ ಮನೆಯಲ್ಲೂ ಸರಿ ಸರಿ ಎನ್ನುತ್ತ ಇದ್ದುಬಿಟ್ಟರೆ, ನಾನು ಕೊಂಡ ಮನೆಯಲ್ಲಿ ಅವಳು ಇನ್ನೊಬ್ಬರ ಮನೆಯವಳಾಗಿಯೇ ಉಳಿಯುತ್ತಾಳೆ. ಅದು ಆಗಕೂಡದು. ಅವಳಿಗೆ ನಿಜಕ್ಕೂ ಬೇಕಾದ ಮನೆಯೇ ಆಗಬೇಕು. ಏನು ಬೇಕೆಂದು ಅವಳು ಹೇಳುವುದಿಲ್ಲವಾದರೆ ನಾನೇ ಅಳೆದು ತಿಳಿಯಬೇಕು.

ಆಡಿ 18, ಶನಿವಾರ

ಕುಂಭಕೋಣದ ಪಂಪಿನ ಅಂಗಡಿಯಲ್ಲಿ ಒಂದು ದೂರು ಇತ್ತು. ದೂರು ಹಳೆಯದು, ಹೋದ ವರ್ಷದ್ದು. ಆದರೂ ಹೋಗಿ ನೋಡುವುದು ನನ್ನ ಕರ್ತವ್ಯ.

ಅಂಗಡಿಯ ಕೆಲಸ ಬೇಗ ಮುಗಿಯಿತು, ಯಾಕೆಂದರೆ ಆ ಪಂಪನ್ನು ಯಾವಾಗಲೋ ಮಾರಿಬಿಟ್ಟಿದ್ದರು. ಮರಗತಂ ಅಕ್ಕನ ಮನೆ ಅಲ್ಲೇ ಹತ್ತಿರ. ಆಡಿ ಹದಿನೆಂಟು ನದಿಪೂಜೆಯ ಹಬ್ಬವಾದ್ದರಿಂದ ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು ಕಾವೇರಿಗೆ ಹೋಗಿರುತ್ತಾರೆ ಎಂದು ಗೊತ್ತಿತ್ತು. ಮನೆಯಲ್ಲಿ ಯಾರೂ ಇರುವುದಿಲ್ಲ, ಕಟ್ಟಳೆಗೂ ಭಂಗವಿಲ್ಲ. ಹಿತ್ತಲ ಬಾಗಿಲಿಂದ ಅಡುಗೆಮನೆಗೆ ಹೋಗಿ ಅಳತೆಪಟ್ಟಿ ಬಿಚ್ಚಿದೆ. ಕಟ್ಟೆಯ ಎತ್ತರ ಹಿಡಿದೆ. ಕಪಾಟು, ಡಬ್ಬಿಗಳ ಹಲಗೆ, ನೀರಿನ ಕೊಳಗದ ಜಾಗ, ಎಲ್ಲ ಗುರುತು ಮಾಡಿದೆ. ಕಿಟಕಿ ಒಂದೇ, ಪುಟ್ಟದು. ಹೊರಗೆ ಒಂದು ಮೊಳ ದೂರದಲ್ಲಿ ಪಕ್ಕದ ಮನೆಯವರ ಗೋಡೆ. ಅದನ್ನೂ ಅಳೆದೆ.

"ಕಳ್ಳ ಅಂದ್ಕೊಂಡು ಒನಕೆ ತಂದೆ," ಎಂದರು ಹಿಂದಿನಿಂದ ಮರಗತಂ ಅಕ್ಕ. ಮಂಡಿ ನೋವೆಂದು ನದಿಗೆ ಹೋಗಿರಲಿಲ್ಲ. ಕೈಯಲ್ಲಿ ನಿಜವಾಗಿಯೂ ಒನಕೆ ಇತ್ತು. "ಅಳಿಯಂದ್ರೇ, ಆಡೀಲಿ ಹೆಂಡ್ತೀನ ಕದ್ದು ನೋಡೋಕೆ ಬಂದೋರನ್ನ ಕಂಡಿದ್ದೀನಿ. ಒಲೆಕಟ್ಟೇನ ಕದ್ದು ನೋಡೋಕೆ ಬಂದೋರನ್ನ ಇವತ್ತೇ ಕಂಡಿದ್ದು."

ಅಡಗಿಸುವುದರಲ್ಲಿ ಅರ್ಥವಿಲ್ಲ ಎಂದು ಹೇಳಿಬಿಟ್ಟೆ. ಹೊಸ ಮನೆಯಲ್ಲಿ ತಿಲಕವತಿಗೆ ಇದೇ ಥರದ ಅಡುಗೆಮನೆ ಮಾಡಿಸಿಕೊಡುತ್ತೇನೆ, ಒಂದಿಂಚೂ ಆಚೀಚೆ ಆಗದಂತೆ, ಅವಳಿಗೆ ತಿಳಿಯದ ಹಾಗೆ. ಅಕ್ಕನ ಕಣ್ಣು ತುಂಬಿ ಬಂತು. ಒನಕೆ ಕೆಳಗಿಟ್ಟು ಮೂಗು ಒರೆಸಿಕೊಂಡರು.

"ಈ ಅಡುಗೆಮನೆ ಅಂದ್ರೆ ಅವಳಿಗೆ ಪ್ರಾಣ. ಯಾರೇ ಬರ್ಲಿ ಹೋಗ್ಲಿ, ಇಲ್ಲಿಂದ ಆಚೆ ಬರಲ್ಲ. ಏನ್ ಕೇಳಿದ್ರೂ ಸರಿ ಅಂತಾಳೆ, ನನ್ ತಂಗಿ. ಚೆನ್ನಾಗಿ ನೋಡ್ಕೊಳ್ಳಿ." ಆಮೇಲೆ ಪುಳಿಯೋಗರೆ ಕಟ್ಟಿಕೊಟ್ಟು, ಅವಳು ಬರುವ ಮುಂಚೆ ಹೊರಡಿ ಎಂದು ಅಟ್ಟಿದರು.

ಬಸ್ ನಿಲ್ದಾಣಕ್ಕೆ ನದಿಯ ದಾರಿಯೇನೂ ಹತ್ತಿರವಲ್ಲ. ಆದರೂ ಆ ಕಡೆಯಿಂದ ಹೋದೆ. ಈ ಸಲ ನದಿಯಲ್ಲಿ ನೀರು ಚೆನ್ನಾಗಿದೆ. ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ನೀರಿಗೆ ಹೂವು ಬಿಡುತ್ತಿದ್ದರೆ ತಿಲಕವತಿ ಒಬ್ಬಳು ಮೇಲಿನ ಮೆಟ್ಟಿಲಲ್ಲಿ ನದಿಗೆ ಬೆನ್ನು ಹಾಕಿ ನಿಂತು, ಬೀದಿಯಲ್ಲಿ ಹೋಗಿ ಬರುವವರನ್ನೆಲ್ಲ ನೋಡುತ್ತ, ಪಕ್ಕದವಳಿಗೆ ಏನೋ ಹೇಳಿ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಹಸಿರು ಸೀರೆ. ನಾನು ಬಾಳೆಹಣ್ಣಿನ ಗಾಡಿಯ ಹಿಂದೆ ಬಗ್ಗಿ ಕೂತು ನೋಡಿದೆ. ಗಾಡಿಯವನು ಒತ್ತಾಯ ಮಾಡಿ ಎರಡು ಡಜನ್ ಕೊಟ್ಟ.

ಎತ್ತರ ನಾನು ಅಂದಾಜು ಮಾಡಿದ್ದಕ್ಕಿಂತ ಎರಡಿಂಚು ಹೆಚ್ಚಿದ್ದಾಳೆ. ಇದು ಉಪಯುಕ್ತ ಮಾಹಿತಿ.

ಆಡಿ 19, ಭಾನುವಾರ

ಟೀಚರ್‌ಗೆ ಬಾಳೆಹಣ್ಣು ಕೊಟ್ಟು ನಕ್ಷೆ ತೋರಿಸಿದೆ. ಬೀದಿ ಕಡೆಯ ಅಡುಗೆಮನೆ ಇನ್ನು ಮೇಲೆ ನನ್ನ ಕೋಣೆ. ಮಲಗುವ ಕೋಣೆಯ ಪಕ್ಕದ ಹಿಂದಿನ ಕೋಣೆ ಅಡುಗೆಮನೆ. ಕುಂಭಕೋಣದ್ದರ ತದ್ರೂಪು, ಕಿಟಕಿಯ ಸಮೇತ. ಹಿಂದಿನ ಮನೆಯ ಗೋಡೆಯೂ ಇಲ್ಲಿ ಹತ್ತಿರವೇ ಇದೆ, ಅನುಕೂಲವಾಯಿತು. ಮೇಸ್ತ್ರಿಯೊಬ್ಬ ಬಂದು ನೋಡಿ ಒಪ್ಪಿದ್ದಾನೆ.

ಟೀಚರ್ ನಕ್ಷೆಯನ್ನು ಬಹಳ ಹೊತ್ತು ನೋಡಿದರು. "ಅಕ್ಷರ ದುಂಡಗಿದೆ. ಅಡಿಗೆರೆ ಎಲ್ಲ ನೀಟಾಗಿ ಹಾಕಿದ್ದೀರಿ."

"ಥ್ಯಾಂಕ್ಸ್ ಟೀಚರ್."

"ನಾನು ಕೇಳಿದ ಪ್ರಶ್ನೆಗೆ ಇದು ಉತ್ತರ ಅಲ್ಲ. ಇರ್ಲಿ, ಅವರೇ ತಿದ್ತಾರೆ."

ವಯಸ್ಸಾದವರು. ತಮ್ಮ ಅಡುಗೆಮನೆ ಹೋಗುತ್ತದೆಂದು ಬೇಸರ ಇದ್ದೀತು. ಹಿತ್ತಲಲ್ಲಿ ಮಲ್ಲಿಗೆಗೆ ಜಾಗ ನೋಡಿ ಬಂದೆ. ಅವಳಿಗೆ ಮಲ್ಲಿಗೆಗಿಂತ ಕನಕಾಂಬರ ಇಷ್ಟವಂತೆ, ಸಂಜೆ ಫೋನಿನಲ್ಲಿ ತಿಳಿಯಿತು. ಎರಡಕ್ಕೂ ಜಾಗವಿದೆ. ಕನ್ನಡಿ ಎಲ್ಲಿ ತೂಗುಹಾಕುವುದು ಎಂಬುದೊಂದು ತೀರ್ಮಾನವಾಗಬೇಕು. ಮಲಗುವ ಕೋಣೆಯಲ್ಲಿ ಬೆಳಕು ಎಡಗಡೆಯಿಂದ ಬರುತ್ತದೆ, ತಲೆ ಬಾಚಿಕೊಳ್ಳಲು ಅದು ಒಳ್ಳೆಯದೋ ಕೆಟ್ಟದ್ದೋ ಯಾರನ್ನು ಕೇಳಲಿ?

ಆಡಿ 26, ಭಾನುವಾರ

ಬೂತಿನ ಸಾಲಿನಲ್ಲಿದ್ದವರಿಗೆಲ್ಲ ಈಗ ಕೊರಟ್ಟೂರಿನ ಮನೆ ಬಾಯಿಪಾಠ. ಗೋಲಿ ಎಲ್ಲಿಗೆ ಉರುಳುತ್ತದೆ ಎಂಬುದೂ ಗೊತ್ತು. ಮೂರನೇ ಮಹಡಿಯ ಮೆಡಿಕಲ್ ರೆಪ್ ಒಬ್ಬ ಕನ್ನಡಿ ಪೂರ್ವಕ್ಕಿರಲಿ ಎಂದು ಸಲಹೆ ಕೊಟ್ಟ.

ಇವತ್ತು ಅವಳನ್ನು ಒಂದು ಮಾತು ಕೇಳಬೇಕೆಂದು ಹೋಗಿದ್ದೆ. "ತಿಲಕಾ, ಒಂದು ವಿಷಯ..." ಎಂದು ಶುರು ಮಾಡಿದೆ. ಬೂತಿನಲ್ಲಿ ಎಲ್ಲರೂ ಗಪ್‌ಚಿಪ್. ನಾನು ನಿಂತುಬಿಟ್ಟೆ.

"ಕೇಳ್ಬಿಡಿ ಸಾರ್," ಅಂದರು ಕಾದರ್ ಭಾಯ್, ಮೀಟರಿನಿಂದ ಕಣ್ಣೆತ್ತದೆ. "ನಮಗೂ ಗೊತ್ತಾಗ್ಲಿ."

"ಏನು ವಿಷ್ಯ ರೀ?" ಎಂದಳು ಅವಳು.

"ಬರುವಾಗ ಕೊಡೆ ತಗೊಂಡು ಬಾ," ಅಂದೆ.

"ಸರಿ."

ಆವಣಿ 2, ಭಾನುವಾರ

ಬೆಳಗ್ಗೆ ಎಗ್ಮೋರಿನಲ್ಲಿ ರೈಲು ಇಳಿದರು. ಮರಗತಂ ಅಕ್ಕನೂ ಬಂದಿದ್ದಾರೆ, ಮನೆ ನೋಡಲು. ತಿಲಕಾ ಕೈಯಲ್ಲಿ ಕೊಡೆ, ಮಳೆಯ ಸುಳಿವಿಲ್ಲ. ನಾನು ಹೊಸ ಅಂಗಿ ಹಾಕಿದ್ದೆ. ಅವಳು ನನ್ನನ್ನು ನೋಡಿ ಗುಂಡಿ ಮೇಲೆಕೆಳಗೆ ಆಗಿದೆ ಎಂದು ಸನ್ನೆ ಮಾಡಿದಳು. ಸರಿಮಾಡಿಕೊಂಡೆ.

ಕೊರಟ್ಟೂರಿನಲ್ಲಿ ಟೀಚರ್ ಗೇಟಿನ ಹತ್ತಿರವೇ ನಿಂತಿದ್ದರು. ನಾನು ವಿವರಿಸಲು ಹೊರಟರೆ, "ನೀವು ಸುಮ್ನಿರಿ, ಅವರೇ ನೋಡ್ಲಿ" ಅಂದರು. ತಿಲಕಾ ಬಾಗಿಲು ತಳ್ಳಿದಳು, ಅದು ತಗಲಿತು. ಸ್ವಲ್ಪ ಎತ್ತಿ ತಳ್ಳಿದಳು, ಸಲೀಸಾಗಿ ತೆರೆಯಿತು. ಈ ಉಪಾಯ ನನಗೆ ಹೊಳೆದಿರಲಿಲ್ಲ. ಹಜಾರ ನೋಡಿದಳು, ಕೋಣೆ ನೋಡಿದಳು, ಹಿತ್ತಲು ನೋಡಿದಳು. ಎಲ್ಲದಕ್ಕೂ ತಲೆಯಾಡಿಸಿದಳು. ಆಮೇಲೆ ಮುಂದಿನ ಅಡುಗೆಮನೆಗೆ ಹೋದಳು.

ಹೋದವಳು ಬರಲೇ ಇಲ್ಲ. ನಾವು ಹಜಾರದಲ್ಲಿ ಕಾದೆವು. ಮರಗತಂ ಅಕ್ಕ, "ಅಲ್ಲೇನ್ ಮಾಡ್ತಿದ್ದಾಳೆ, ಅಕ್ಕಿ ಆರಿಸ್ತಿದ್ದಾಳಾ?" ಅಂದರು. ಹೋಗಿ ನೋಡಿದರೆ, ತಿಲಕಾ ಕಿಟಕಿಯ ಎರಡೂ ರೆಕ್ಕೆ ತೆರೆದು, ಕಟ್ಟೆಗೆ ಒರಗಿ, ಬೀದಿ ನೋಡುತ್ತ ನಿಂತಿದ್ದಾಳೆ. ಸೊಪ್ಪಿನ ಗಾಡಿ ಹೋಗುತ್ತಿತ್ತು. ಎದುರುಮನೆಯ ಹೆಂಗಸೊಬ್ಬಳು ಆಗಲೇ ಇವಳನ್ನು ಯಾವೂರು ಎಂದು ಕೇಳಿ ಮುಗಿಸಿದ್ದಳು.

ಇದೇ ಸಮಯ ಎಂದು ನಕ್ಷೆ ಬಿಚ್ಚಿದೆ. ಈ ಅಡುಗೆಮನೆ ಇರುವುದಿಲ್ಲ, ಹಿಂದಕ್ಕೆ ಹೋಗುತ್ತದೆ, ನೋಡು, ಕಟ್ಟೆ ಇಷ್ಟೆತ್ತರ, ಹಲಗೆ ಇಲ್ಲಿ, ಕೊಳಗ ಇಲ್ಲಿ, ಕಿಟಕಿ ಇಲ್ಲಿ, ಎಂದು ಬೆರಳಿಟ್ಟು ತೋರಿಸಿದೆ.

ಅವಳು ನೋಡಿದಳು. "ಇದು ಅಕ್ಕನ ಅಡುಗೆಮನೆ."

"ಒಂದಿಂಚೂ ವ್ಯತ್ಯಾಸ ಇಲ್ಲ. ನಾನೇ ಬಂದು ಅಳೆದದ್ದು."

"ಬೇಡ," ಎಂದಳು.

ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ನಾನು ನಕ್ಷೆಯನ್ನು ಇನ್ನಷ್ಟು ಹತ್ತಿರ ಹಿಡಿದೆ.

"ಬೇಡ ರೀ. ಇದು ಇಲ್ಲೇ ಇರ್ಬೇಕು. ನಾನು ಹಿಂದಕ್ಕೆ ಹೋಗಲ್ಲ." ದನಿ ಜೋರಾಗಿಯೇ ಇತ್ತು. ಎದುರುಮನೆಯವಳು 'ಏನಂತೆ' ಎಂದು ಕತ್ತು ಉದ್ದ ಮಾಡಿದಳು. "ಅಷ್ಟು ವರ್ಷ ಆ ಕಿಟಕಿ ಮುಂದೆ ನಿಂತು ಗೋಡೆ ನೋಡಿದ್ದೀನಿ. ಮನೆಗೆ ಯಾರಾದ್ರೂ ಬಂದ್ರೆ ದನಿ ಕೇಳಿ, ಎಷ್ಟು ಲೋಟ ಕಾಫಿ ಅಂತ ಲೆಕ್ಕ ಹಾಕ್ತಿದ್ದೆ. ಮುಖ ನೋಡ್ತಿರ್ಲಿಲ್ಲ. ಹೋಗೋವಾಗಲೂ ನೋಡ್ತಿರ್ಲಿಲ್ಲ. ಇಲ್ಲಿ ನಿಂತ್ರೆ ಎಲ್ಲ ಕಾಣುತ್ತೆ. ಬೀದಿ ಆ ತುದೀಲಿ ನೀವು ತಿರುಗಿದ್ರೂ ಕಾಣುತ್ತೆ. ಇದನ್ನ ಮುಟ್ಟಿದ್ರೆ ನನಗೆ ಈ ಮನೇನೇ ಬೇಡ."

ಮರಗತಂ ಅಕ್ಕ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದರು. ಮುಖ ಸಣ್ಣದಾಗಿತ್ತು. "ಒಂದು ದಿನ ಹೇಳ್ಬಾರ್ದಿತ್ತೇನೇ?" ಎಂದರು.

"ನೀನು ಒಂದು ದಿನ ಕೇಳ್ಬಾರ್ದಿತ್ತೇನಕ್ಕಾ?" ಎಂದಳು ತಿಲಕಾ. ಆಮೇಲೆ ಹೋಗಿ ಅಕ್ಕನ ಕೈ ಹಿಡಿದುಕೊಂಡಳು. ಇಬ್ಬರೂ ಅತ್ತರು, ಟೀಚರ್ ನಕ್ಕರು. ಟೀಚರ್ ಹೇಳಿದ್ದು ನಿಜ. ಅಡುಗೆಮನೆ ಮುಂದೆ ಯಾಕಿದೆ ಎಂದು ಇವಳು ಕೇಳಲೇ ಇಲ್ಲ. ಅವರು ತಾವಾಗಿಯೇ ಹೇಳಿದರು: "ನಮ್ಮೋರು ಅಡುಗೆಮನೆ ಹಿಂದೆ ಬರೆದಿದ್ರು. ನಕ್ಷೆ ಹರಿದ್ಹಾಕಿ ಇನ್ನೊಂದು ಬರಿ ಅಂದೆ. ಬರೆದ್ರು."

ಇಡೀ ತಿಂಗಳ ನನ್ನ ಕೆಲಸದ ಮೇಲೆ ಅಡ್ಡಗೆರೆ ಬಿತ್ತು. ನನಗೆ ಆದ ಸಂತೋಷವನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಅಷ್ಟು ಜನರ ಮುಂದೆ ನಗು ತಡೆಯಲಾಗದೆ ತಾರಸಿ ನೋಡಿ ಬರುತ್ತೇನೆಂದು ಹೋದೆ. ಇವಳಿಗೆ ಬೇಡ ಎನ್ನಲು ಬರುತ್ತದೆ! ಮೇಲೆ ಒಬ್ಬನೇ ನಿಂತು ಅದನ್ನೇ ಮತ್ತೆ ಮತ್ತೆ ಹೇಳಿಕೊಂಡೆ. ಕೆಳಗೆ ಬಂದು ಮುಂಗಡ ಕೊಟ್ಟೆ.

ವಾಪಸು ಲೋಕಲ್ ರೈಲಿನಲ್ಲಿ ಅಕ್ಕ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು. ಬೂತಿನಲ್ಲಿ ಕೇಳಲಾಗದ ಮಾತನ್ನು ಕೇಳಿದೆ. "ಅವತ್ತು ನನಗೆ ಸರಿ ಅಂದೆಯಲ್ಲ, ಅದು ಎಲ್ಲದಕ್ಕೂ ಅನ್ನೋ ಸರೀನಾ?"

ಅವಳು ಕೊಡೆಯ ಹಿಡಿ ನೋಡುತ್ತ ಕೂತಳು. "ನಿಮಗಿಂತ ಮುಂಚೆ ಬಂದೋರಿಗೆಲ್ಲ ಬೇಡ ಅಂದಿದ್ದೆ. ಅಕ್ಕನಿಗೆ ಗೊತ್ತಿಲ್ಲ, ಭಾವನ ಹತ್ರ ಹೇಳಿ ನಿಲ್ಲಿಸ್ತಿದ್ದೆ. ನಿಮಗೂ ಬೇಡ ಅನ್ನೋಣ ಅಂತಲೇ ಬಂದು ಕೂತಿದ್ದು."

"ಮತ್ತೆ?"

"ಆ ಕುರ್ಚಿ ನಾನು ಚಿಕ್ಕವಳಿದ್ದಾಗಿಂದ ಅಲ್ಲಾಡ್ತಿತ್ತು. ಎಷ್ಟೋ ಜನ ಬಂದು ಅದರ ಮೇಲೆ ಕೂತು, ಅಲ್ಲಾಡ್ಕೊಂಡೇ ಉಪ್ಪಿಟ್ಟು ತಿಂದು ಹೋದ್ರು. ನೀವೊಬ್ರೇ ಬಗ್ಗಿ ನೋಡಿದ್ದು."

ಪೆರಂಬೂರು ದಾಟಿದ ಮೇಲೆ ಅವಳೇ ಮತ್ತೆ ಅಂದಳು: "ಬಗ್ಗಿ ಕೂರೋದು ನಿಮಗೆ ಅಭ್ಯಾಸ ಅಲ್ವಾ? ಆಡಿ ಹದಿನೆಂಟಕ್ಕೆ ಬಾಳೆಹಣ್ಣಿನ ಗಾಡಿ ಹಿಂದೆನೂ ಹಾಗೇ ಕೂತಿದ್ರಿ."

ಆವಣಿ 28, ಶುಕ್ರವಾರ

ಹೋದ ವಾರ ಹಾಲು ಉಕ್ಕಿಸಿ ಒಳಗೆ ಬಂದೆವು. ಬರೆಯಲು ಪುರುಸೊತ್ತಿರಲಿಲ್ಲ.

ನೆಲ ಈಗಲೂ ವಾಲಿದೆ. ಗುಡಿಯ ಧ್ವನಿವರ್ಧಕಕ್ಕೆ ಆಡಿ ಮುಗಿದದ್ದು ಇನ್ನೂ ತಿಳಿದಿಲ್ಲ. ಟೊಳ್ಳು ಗೋಡೆಯ ಮೇಲೆ ಕನ್ನಡಿ ತೂಗುಹಾಕಿದೆ, ಅವಳು ತೆಗೆಸಿ ಎದುರು ಗೋಡೆಗೆ ಹಾಕಿಸಿದಳು. ಕನಕಾಂಬರಕ್ಕೆ ನಾನು ಗುರುತು ಮಾಡಿದ್ದ ಜಾಗವೂ ಬೇಡವಂತೆ. ನನ್ನ ಕಬ್ಬಿಣದ ಮಂಚವಂತೂ ಬೇಡವೇ ಬೇಡವಂತೆ. ಕಾದರ್ ಭಾಯ್ ಬಂದು ಮನೆ ನೋಡಿ, ಜೇಬಿನಿಂದ ತಾವೇ ಗೋಲಿ ತೆಗೆದು ಉರುಳಿಸಿ, ಬಚ್ಚಲಿನವರೆಗೂ ಅದರ ಹಿಂದೆ ಹೋಗಿ, "ಹೌದು" ಎಂದು ಹೇಳಿ ಹೋದರು.

ಇವತ್ತು ಕೆಲಸ ಮುಗಿಸಿ ಸ್ಟೇಷನ್ನಿನಿಂದ ನಡೆದು ಬಂದು ಬೀದಿಯ ತುದಿಯಲ್ಲಿ ತಿರುಗಿದೆನೋ ಇಲ್ಲವೋ, ಕಿಟಕಿಯಿಂದ ಕೂಗು ಬಂತು.

"ಕೊತ್ತಂಬರಿ ತಂದ್ರಾ?"

ಬೀದಿಯವರೆಲ್ಲ ನನ್ನ ಕೈ ನೋಡಿದರು. ಕೈಯಲ್ಲಿ ಊಟದ ಡಬ್ಬಿ ಬಿಟ್ಟು ಏನೂ ಇರಲಿಲ್ಲ.

"ಮರೆತಿದ್ದಾರೆ ತಿಲಕಕ್ಕಾ!" ಎಂದು ಎದುರುಮನೆಯವಳು ನನ್ನ ಪರವಾಗಿ ಉತ್ತರ ಕೊಟ್ಟಳು.

"ಹಾಗಾದ್ರೆ ಬರೋದು ಬೇಡ, ತಗೊಂಡೇ ಬರ್ಲಿ!"

ಸರಿ ಅಂದೆ. ಅಲ್ಲಿಂದಲೇ ತಿರುಗಿ ಅಂಗಡಿಗೆ ಹೋದೆ. ಹೋಗುವಾಗ ಒಮ್ಮೆ ಹಿಂದೆ ತಿರುಗಿ ನೋಡಿದೆ, ಅವಳು ಇನ್ನೂ ಕಿಟಕಿಯಲ್ಲೇ ಇದ್ದಳು.